ಹತ್ತು ನಿಮಿಷದ ಚಿತ್ರಕ್ಕೆ ಎಷ್ಟು ಅಂಕ?

ಪತ್ರಿಕೋದ್ಯಮವನ್ನೂ ಸಮೂಹ ಸಂವಹನವನ್ನೂ ಅಭ್ಯಾಸಮಾಡುವ ವಿದ್ಯಾರ್ಥಿಗಳು ವರ್ಷಾಂತ್ಯದಲ್ಲಿ ಒಪ್ಪಿಸತಕ್ಕ ಕೃತಿಗಳ ಪೈಕಿ ಕಿರು ಸಾಕ್ಷ್ಯಚಿತ್ರಕ್ಕಿರುವಷ್ಟು ಆಕರ್ಷಣೆ ಮತ್ತಾವುದಕ್ಕೂ ಇಲ್ಲ. ಪರೀಕ್ಷಕನನ್ನು ಅದರಷ್ಟು ಸಂದಿಗ್ಧಕ್ಕೆ ಗುರಿಮಾಡುವುದೂ ಮತ್ತೊಂದಿಲ್ಲ. ಉತ್ತರಪತ್ರಿಕೆಯಾದರೆ ಅದನ್ನು ತಿದ್ದುವುದಕ್ಕೊಂದು ಪದ್ಧತಿಯುಂಟು, ಮಾದರಿ ಉತ್ತರವುಂಟು, ಅಂಚಿನಲ್ಲಿ ಗುರುತು ಹಾಕಿ ಕೂಡಿಸುವ ಲೆಕ್ಕವುಂಟು. ಚಿತ್ರವಾದರೋ ಕಿಟಕಿ ಮುಚ್ಚಿದ ಕೋಣೆಯಲ್ಲಿ ಹತ್ತು ನಿಮಿಷ ಹರಿದುಹೋಗುತ್ತದೆ. ಹಿನ್ನೆಲೆಯಲ್ಲಿ ಕೊಳಲು ನುಡಿಯುತ್ತದೆ. ದೀಪ ಹತ್ತಿದೊಡನೆ ಸಹಪಾಠಿಗಳು ಚಪ್ಪಾಳೆ ತಟ್ಟುತ್ತಾರೆ. ಆ ಸದ್ದು ಅಡಗುವುದಕ್ಕೆ ಮೊದಲೇ ಪರೀಕ್ಷಕ ಅಂಕಪಟ್ಟಿಯಲ್ಲಿ ಒಂದು ಸಂಖ್ಯೆಯನ್ನು ಬರೆದಾಗಿರುತ್ತದೆ. ಆ ಸಂಖ್ಯೆ ಅಳೆದದ್ದು ವಿದ್ಯಾರ್ಥಿಯ ಶ್ರಮವನ್ನೋ, ಅವನ ಕೈಗೆ ಸಿಕ್ಕ ಕ್ಯಾಮೆರಾದ ಬೆಲೆಯನ್ನೋ, ಕೊಳಲಿನ ಮಾಧುರ್ಯವನ್ನೋ ಎಂದು ಕೇಳುವವರಿಲ್ಲ.

ಈ ಪ್ರಶ್ನೆಯನ್ನು ಮುಳಬಾಗಿಲು ಸೀಮೆಯಲ್ಲಿ ನಿಂತು ಕೇಳುವುದರಲ್ಲಿ ಒಂದು ಔಚಿತ್ಯವಿದೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರನ್ನು ನಾಡು ಕವಿಯೆಂದೂ ತತ್ತ್ವಚಿಂತಕರೆಂದೂ ನೆನೆಯುತ್ತದೆಯಾದರೂ ಅವರು ಮೊದಲಿಗೆ ಪತ್ರಕರ್ತರು. 1913ರಲ್ಲಿ ‘ಕರ್ಣಾಟಕ’ ಪತ್ರಿಕೆಯನ್ನು ಆರಂಭಿಸಿದವರು. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಪತ್ರಿಕಾವೃತ್ತಿಯ ಧರ್ಮವನ್ನು ಕುರಿತು ‘ವೃತ್ತಪತ್ರಿಕೆ’ ಎಂಬ ಗ್ರಂಥವನ್ನೇ ಬರೆದವರು. ಅವರ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳನ್ನು ಓದಿದವರಿಗೆ ಒಂದು ಸಂಗತಿ ಗೋಚರಿಸದೆ ಇರದು: ತಾವು ಕಣ್ಣಾರೆ ಕಂಡದ್ದಾವುದು, ಮತ್ತೊಬ್ಬರಿಂದ ಕೇಳಿದ್ದಾವುದು ಎಂಬ ಭೇದವನ್ನು ಆ ಲೇಖಕರು ಮರೆಮಾಚುವುದಿಲ್ಲ. ಕ್ಯಾಮೆರಾವನ್ನು ಹಿಡಿದು ಹಳ್ಳಿಗೆ ಹೋಗುವ ಇಂದಿನ ವಿದ್ಯಾರ್ಥಿಯಲ್ಲಿ ನಾವು ಪರೀಕ್ಷಿಸಬೇಕಾದದ್ದೂ ಬಹುಮಟ್ಟಿಗೆ ಇದನ್ನೇ ಎಂಬುದು ನನ್ನ ಅಭಿಪ್ರಾಯ. ಚಿತ್ರ ಹೇಗೆ ಕಾಣುತ್ತದೆ ಎಂಬುದಕ್ಕಿಂತ, ಚಿತ್ರದಲ್ಲಿರುವುದು ವಿದ್ಯಾರ್ಥಿಯ ಕೈಗೆ ಹೇಗೆ ಬಂತು ಎಂಬುದಕ್ಕೆ ಅಂಕ ಸಲ್ಲಬೇಕು.

ವಿಚಾರ ಬರಿಯ ತತ್ತ್ವವಾಗಿ ಉಳಿಯದಿರಲೆಂದು ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹಾದಿಯ ದೇವರಾಯಸಮುದ್ರಕ್ಕೆ ಐವರು ವಿದ್ಯಾರ್ಥಿಗಳ ತಂಡವೊಂದು ಬಂದಿದೆ. ಅದರ ನಿರ್ದೇಶಕಿ ಕೋಲಾರದ ಹುಡುಗಿ. ವಿಷಯ, ಕೆರೆ ಮತ್ತು ಅದರ ನೀರಗಂಟಿ. ಚಿತ್ರ ಡ್ರೋನಿನ ನೋಟದಿಂದ ಮೊದಲಾಗುತ್ತದೆ. ಬಂಡೆಗಲ್ಲಿನ ಗುಡ್ಡ, ಅದರ ತಪ್ಪಲಿನ ಹೊಲ, ಏರಿಯ ಬಾಗು, ಎಲ್ಲವೂ ಹಕ್ಕಿಗೆ ಕಂಡಂತೆ ಕಾಣುತ್ತವೆ. ಗಂಭೀರವಾದ ಗಂಡುದನಿಯೊಂದು, ಇದು ವಿಜಯನಗರದ ದೇವರಾಯ ಮಹಾರಾಜನು ಕಟ್ಟಿಸಿದ ಕೆರೆಯೆಂದು ಸಾರುತ್ತದೆ. ಬಳಿಕ ಏರಿಯ ಮೇಲೆ ಮುದುಕನೊಬ್ಬ ನಡೆದುಬರುತ್ತಾನೆ, ತೂಬಿನ ಬಳಿ ಬಾಗುತ್ತಾನೆ. ಇಂದಿಗೂ ಈ ತಾತ ಅಚ್ಚುಕಟ್ಟಿಗೆ ನೀರು ಬಿಡುತ್ತಿದ್ದಾರೆ ಎನ್ನುತ್ತದೆ ಅದೇ ದನಿ. ಆಮೇಲೆ ಒಬ್ಬ ಅಧಿಕಾರಿಯ ಮಾತು, ಒಬ್ಬ ರೈತನ ಕೊಳವೆಬಾವಿ, ಕೊನೆಗೆ ಸೂರ್ಯಾಸ್ತ. ಚಪ್ಪಾಳೆ.

ಮೊದಲು ಡ್ರೋನಿನ ಮಾತನ್ನು ಮುಗಿಸಿಬಿಡೋಣ. ಅದು ಬಾಡಿಗೆಗೆ ಸಿಗುವ ವಸ್ತು, ಹಾರಿಸುವವನೂ ಬಾಡಿಗೆಯವನೇ. ತಂದೆಯ ಟೊಮೆಟೊ ಬಾಕ್ಸು ಕೋಲಾರದ ಮಂಡಿಯಲ್ಲಿ ಒಳ್ಳೆಯ ದರಕ್ಕೆ ಹೋದ ವರ್ಷ ಅದನ್ನು ತರಿಸುವ ವಿದ್ಯಾರ್ಥಿ, ದರ ಕುಸಿದ ವರ್ಷ ಮೊಬೈಲಿನಲ್ಲೇ ಚಿತ್ರ ತೆಗೆಯುತ್ತಾನೆ. ಪರೀಕ್ಷೆಯ ಅಂಕ ಮಂಡಿಯ ದರದೊಡನೆ ಏರಿ ಇಳಿಯತಕ್ಕದ್ದಲ್ಲವಷ್ಟೆ. ಮೇಲಿನಿಂದ ನೋಡುವುದಕ್ಕೆ ಕಾರಣವಿದ್ದರೆ, ಅಂದರೆ ರಾಜಕಾಲುವೆ ಎಲ್ಲಿ ಒತ್ತುವರಿಯಾಗಿದೆ, ನೀರು ಯಾವ ದಿಕ್ಕಿನಿಂದ ಬರಬೇಕಾಗಿತ್ತು ಎಂಬುದನ್ನು ತೋರಿಸುವುದಕ್ಕೆ ಆ ನೋಟವನ್ನು ಬಳಸಿದ್ದರೆ, ಅದಕ್ಕೆ ಧಾರಾಳವಾಗಿ ಅಂಕ ಕೊಡಬಹುದು. ಕೇವಲ ಅಂದಕ್ಕಾಗಿ ಹಾರಿದ ಡ್ರೋನಿಗೆ ಏನನ್ನೂ ಕೊಡಬೇಕಾಗಿಲ್ಲ.

ದೇವರಾಯ ಮಹಾರಾಜನ ವಿಷಯಕ್ಕೆ ಬರೋಣ. ಮುಳಬಾಗಿಲು ವಿಜಯನಗರದ ಕಾಲದಲ್ಲಿ ಒಂದು ರಾಜ್ಯವಿಭಾಗದ ಮುಖ್ಯಸ್ಥಾನವಾಗಿದ್ದುದು ನಿಜ. ದೇವರಾಯನೆಂಬ ಹೆಸರಿನಿಂದ ಹದಿನೈದನೆಯ ಶತಮಾನದಲ್ಲಿ ಇಬ್ಬರು ಅರಸರು ಆಳಿದ್ದೂ ನಿಜ. ಆದರೆ ಈ ಎರಡು ನಿಜಗಳನ್ನು ಕೂಡಿಸಿದೊಡನೆ ಮೂರನೆಯ ನಿಜವೊಂದು ತಾನಾಗಿಯೇ ಹುಟ್ಟಿಬಿಡುವುದಿಲ್ಲ. ಊರಿನ ಹೆಸರು ಒಂದು ಸುಳಿವೇ ಹೊರತು ದಾಖಲೆಯಲ್ಲ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸರು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ 1905ರಲ್ಲಿಯೇ ಅಚ್ಚುಹಾಕಿಸಿದ್ದಾರೆ, ತಾಲ್ಲೂಕುವಾರು ವಿಂಗಡಿಸಿದ ಆ ಸಂಪುಟವನ್ನು ತೆರೆದು ಮುಳಬಾಗಿಲಿನ ಭಾಗವನ್ನು ನೋಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಪರೀಕ್ಷಕ ಇಲ್ಲಿ ಕೇಳಬೇಕಾದ ಪ್ರಶ್ನೆ ಬಲು ಸರಳ: “ಇದನ್ನು ನಿನಗೆ ಹೇಳಿದವರು ಯಾರಮ್ಮ?” ಊರಿನ ಹಿರಿಯರು ಹೇಳಿದರು ಎಂಬ ಉತ್ತರ ಬಂದರೆ ಅದೂ ಒಳ್ಳೆಯ ಉತ್ತರವೇ, ಹಾಗಾದರೆ ಆ ಮಾತನ್ನು ಆ ಹಿರಿಯರ ಬಾಯಿಂದಲೇ ಆಡಿಸಬಹುದಾಗಿತ್ತಲ್ಲ. ನಂಬಿಕೆಯೆಂದು ತೋರಿಸಿದ್ದರೆ ನಂಬಿಕೆಯಾಗಿ ನಿಲ್ಲುತ್ತಿದ್ದದ್ದು ನಿರೂಪಕನ ಗಂಭೀರ ಕಂಠದಲ್ಲಿ ಇತಿಹಾಸವಾಗಿಬಿಟ್ಟಿತು.

ಆ ಕಂಠವನ್ನು ನಮ್ಮ ದೇಶ ಬಹುಕಾಲ ಕೇಳಿದೆ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಭಾರತ ಸರ್ಕಾರವು ಫಿಲಂಸ್ ಡಿವಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಅದರ ಚಿತ್ರಗಳನ್ನು ಪ್ರತಿಯೊಂದು ಚಿತ್ರಮಂದಿರದಲ್ಲೂ ಕಥಾಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸುವಂತೆ ಮಾಡಿತು. ಅಣೆಕಟ್ಟು, ಕುಟುಂಬ ಯೋಜನೆ, ಪ್ರವಾಹ, ಬೀಜೋಪಚಾರ, ಯಾವುದನ್ನು ಕುರಿತದ್ದಾದರೂ ಅದೇ ಧ್ವನಿ. ಚಿತ್ರದಲ್ಲಿ ಕಾಣುವ ಮನುಷ್ಯ ಬಾಯಾಡಿಸುತ್ತಿದ್ದರೂ ಅವನ ಮಾತು ನಮಗೆ ಕೇಳುತ್ತಿರಲಿಲ್ಲ. ಆ ಸಂಸ್ಥೆಯಲ್ಲಿ ದುಡಿದವರೆಲ್ಲರೂ ಹಾಗೆಯೇ ಇದ್ದರೆಂದಲ್ಲ. ‘ಸುಬ್ಬಾಶಾಸ್ತ್ರಿ’ ಚಿತ್ರವನ್ನು ತೆಗೆದ ನಮ್ಮ ಎಂ.ವಿ. ಕೃಷ್ಣಸ್ವಾಮಿಯವರು ಅಲ್ಲಿಯ ಅನುಭವವುಳ್ಳವರು, ಎಸ್.ಎನ್.ಎಸ್. ಶಾಸ್ತ್ರಿಯವರು 1967ರಲ್ಲಿ, 1947ರಲ್ಲಿ ಹುಟ್ಟಿದ ಯುವಕಯುವತಿಯರನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿ ಅವರ ಬಾಯಿಂದಲೇ ದೇಶದ ಸ್ಥಿತಿಯನ್ನು ಹೇಳಿಸಿದರು. 2022ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಅದರ ಧ್ವನಿ ಮಾತ್ರ ಇಂದಿಗೂ ವಿದ್ಯಾರ್ಥಿಗಳ ಲ್ಯಾಪ್‌ಟಾಪುಗಳಲ್ಲಿ ಜೀವಂತವಾಗಿದೆ. ಈಚೆಗೆ ಅದನ್ನು ಯಂತ್ರವೇ ನುಡಿಯುತ್ತದೆಂಬುದಷ್ಟೇ ವ್ಯತ್ಯಾಸ.

ಇನ್ನು ತೂಬಿನ ದೃಶ್ಯ. ಪರೀಕ್ಷಕ ಈ ಚಿತ್ರವನ್ನು ಎರಡನೆಯ ಸಲ, ಧ್ವನಿಯನ್ನು ಪೂರ್ತಿ ತಗ್ಗಿಸಿ ನೋಡಲಿ. ಎರಡು ಕಲ್ಲುಕಂಬ, ಅವುಗಳ ನಡುವಣ ಅಡ್ಡಹಾಸು, ಅದರ ಮೇಲೆ ಮುದುಕನ ಕೈ. ಬೆರಳ ಗಿಣ್ಣುಗಳು ಉಬ್ಬಿವೆ; ಕೈ ತನಗೆ ಬಹುಕಾಲದ ಪರಿಚಯವಿರುವ ಜಾಗವನ್ನೇ ಹುಡುಕಿ ಹಿಡಿಯುತ್ತದೆ; ಈ ಮನುಷ್ಯ ನಿಜವಾದ ನೀರಗಂಟಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಚೌಕಟ್ಟಿನ ಎಡಮೂಲೆಯಲ್ಲಿ ಕಾಲುವೆಯ ತುಂಡೊಂದು ಕಾಣುತ್ತದೆ. ಅದರಲ್ಲಿ ಸೊಂಟದೆತ್ತರದ ಜಾಲಿ ಬೆಳೆದಿದೆ, ಜಾಲಿಯ ಮುಳ್ಳಿಗೆ ಪ್ಲಾಸ್ಟಿಕ್ ಕವರು ಸಿಕ್ಕಿಕೊಂಡಿದೆ. ಈ ಕಾಲುವೆಯಲ್ಲಿ ನೀರು ಹರಿದು ವರ್ಷಗಳೇ ಆಗಿರಬೇಕು. ನಿರೂಪಕ ಏನಾದರೂ ಹೇಳಲಿ, ಚಿತ್ರ ತಾನೇ ಅವನ ಮಾತನ್ನು ಅಲ್ಲಗಳೆಯುತ್ತಿದೆ.

ಮೂರನೆಯ ಸಲ ಚಿತ್ರವನ್ನು ನೋಡದೆ ಕೇಳಲಿ. ನೀರಗಂಟಿಯ ಮಾತಿನ ಹಿಂದೆ ಹೆದ್ದಾರಿಯ ಲಾರಿಯೊಂದರ ಹಾರನ್ನು ಎದ್ದು, ಮುಗಿಯುವ ಮೊದಲೇ ಕತ್ತರಿಸಿದಂತೆ ನಿಂತುಹೋಗುತ್ತದೆ. ಮಾತು ಮಾತ್ರ ಏನೂ ಆಗದಂತೆ ಮುಂದುವರಿಯುತ್ತದೆ. ಎಂದರೆ, ಅಲ್ಲಿ ಎರಡು ವಾಕ್ಯಗಳನ್ನು ಜೋಡಿಸಿದ್ದಾರೆ. ನಡುವೆ ಏನಿತ್ತು? ಎಡಿಟಿಂಗಿಗೆ ಮುಂಚಿನ ಮೂಲ ಫೈಲನ್ನು ತರಿಸಿ ಕೇಳಿದರೆ ಗೊತ್ತಾಗುತ್ತದೆ. “ಆವಾಗ ಬಿಡ್ತಿದ್ದೆ ಕಣಮ್ಮ, ಈಗ ಎಲ್ಲಿಂದ ಬಿಡ್ಲಿ?” ಎಂದು ಮುದುಕ ಕೇಳಿದ್ದಾನೆ. ಚಿತ್ರಕ್ಕೆ ಜೀವವಾಗಬಹುದಾಗಿದ್ದ ಆ ಒಂದು ಮಾತನ್ನೇ ತೆಗೆದುಹಾಕಿ, ‘ಇಂದಿಗೂ’ ಎಂಬ ನಿರೂಪಣೆಯನ್ನು ಉಳಿಸಿಕೊಂಡಿದ್ದಾರೆ. ಇದು ಅಂಕ ಕಳೆಯಬೇಕಾದ ದೋಷ. ಫೋಕಸ್ಸು ತಪ್ಪಿದ್ದು, ಕ್ಯಾಮೆರಾ ಅಲುಗಿದ್ದು, ಬಿಳುಪು ಹೆಚ್ಚಾದದ್ದು, ಇವೆಲ್ಲ ಇದರ ಮುಂದೆ ಕ್ಷಮ್ಯವಾದವು.

ಹುಡುಗಿ ಈ ಹಂತದಲ್ಲಿ ಪಾಠ ಕೇಳಿದ್ದನ್ನು ನೆನಪಿಸಿಕೊಂಡು ತಕ್ಕ ಪ್ರತಿವಾದವನ್ನೇ ಹೂಡಬಹುದು: “ಫ್ಲಾಹರ್ಟಿ ಮಾಡಿದ್ದೂ ಇದನ್ನೇ ಅಲ್ಲವೇ ಸಾರ್?” ಪ್ರಶ್ನೆ ತೂಕವುಳ್ಳದ್ದು. ರಾಬರ್ಟ್ ಫ್ಲಾಹರ್ಟಿ 1922ರಲ್ಲಿ ಹೊರತಂದ ‘ನಾನೂಕ್ ಆಫ್ ದಿ ನಾರ್ತ್’ ಸಾಕ್ಷ್ಯಚಿತ್ರ ಪರಂಪರೆಯ ಆದಿಕೃತಿಗಳಲ್ಲೊಂದೆಂದು ಎಲ್ಲ ಪಠ್ಯಗಳೂ ಹೇಳುತ್ತವೆ. ಅದರ ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲ. ಬಂದೂಕಿನಿಂದ ಬೇಟೆಯಾಡುತ್ತಿದ್ದ ಕಾಲದಲ್ಲಿ ಆತನ ಕೈಗೆ ಈಟಿಯನ್ನು ಕೊಟ್ಟರು. ಹಿಮದ ಮನೆಯೊಳಗೆ ಬೆಳಕು ಸಾಲದೆಂದು ಒಂದು ಪಕ್ಕವನ್ನು ತೆರೆದ ದೊಡ್ಡ ಮನೆಯನ್ನು ಕಟ್ಟಿಸಿ, ಕುಟುಂಬವನ್ನು ಆ ಚಳಿಯಲ್ಲಿ ಮಲಗಿಸಿ ಚಿತ್ರ ತೆಗೆದರು. ಗ್ರಿಯರ್ಸನ್ ಎಂಬ ಸ್ಕಾಟ್ಲೆಂಡಿನ ವಿಮರ್ಶಕ 1926ರಲ್ಲಿ ಅದೇ ಫ್ಲಾಹರ್ಟಿಯ ಮತ್ತೊಂದು ಚಿತ್ರವನ್ನು ವಿಮರ್ಶಿಸುತ್ತ ಈ ಪ್ರಕಾರಕ್ಕೆ ಹೆಸರು ಕೊಟ್ಟನು. ವಾಸ್ತವವನ್ನು ಸೃಜನಶೀಲವಾಗಿ ನಿರ್ವಹಿಸಬಹುದೆಂದು ಅವನೂ ಒಪ್ಪಿದ್ದಾನೆ. ಆದುದರಿಂದ ಅಭಿನಯಿಸಿ ತೋರಿಸುವುದು ತನ್ನಷ್ಟಕ್ಕೆ ಅಪರಾಧವಲ್ಲ. ನೀರು ಬಿಡುತ್ತಿದ್ದುದು ಹೇಗೆಂದು ತೋರಿಸು ತಾತ ಎಂದು ಕೇಳಿ, ಆತ ಒಣತೂಬಿನ ಮುಂದೆ ತೋರಿಸಿದ್ದನ್ನು ಹಾಗೆಂದೇ ಹೇಳಿ ತೋರಿಸಿದ್ದರೆ ಅದು ಅತ್ಯುತ್ತಮ ದೃಶ್ಯವಾಗುತ್ತಿತ್ತು. ಇಲ್ಲದ ನೀರಿಗೆ ಕೈಯಾಡಿಸುವ ಮುದುಕನನ್ನು ಯಾರು ತಾನೇ ಮರೆತಾರು? ಪ್ರೇಕ್ಷಕನಿಗೆ ತಿಳಿಸದೆ ಹಿಂದಿನದನ್ನು ಇಂದಿನದೆಂದು ದಾಟಿಸಿದ್ದೇ ತಪ್ಪು. ನೂರು ವರ್ಷದ ಹಿಂದೆ ಈ ಪ್ರಕಾರಕ್ಕೆ ನಿಯಮಗಳೇ ಹುಟ್ಟಿರಲಿಲ್ಲವಾದ್ದರಿಂದ ಫ್ಲಾಹರ್ಟಿಗೆ ಸಿಗುವ ರಿಯಾಯಿತಿ ಇಂದಿನ ಸೆಮಿಸ್ಟರಿಗೆ ಸಿಗದು.

ಮುಳಬಾಗಿಲು ಕಡೆಯ ಚಿತ್ರಗಳಲ್ಲಿ ಪರೀಕ್ಷಕನು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಮಾತು. ಗಡಿಯ ಈ ತಾಲ್ಲೂಕಿನಲ್ಲಿ ಮನೆಯ ಭಾಷೆ ತೆಲುಗಾಗಿರುವ ಕುಟುಂಬಗಳು ಬಹಳ. ಒಂದೇ ಉಸಿರಿನಲ್ಲಿ ಎರಡು ಭಾಷೆಗಳು ಬರುವುದೂ ಸಾಮಾನ್ಯ. ಚಿತ್ರತಂಡ ಬಂತೆಂದರೆ ಅಜ್ಜಿಯೊಬ್ಬಳು ಸೆರಗು ಸರಿಪಡಿಸಿಕೊಂಡು, ತನಗೆ ಒಗ್ಗದ ಪುಸ್ತಕದ ಕನ್ನಡದಲ್ಲಿ ಎರಡು ವಾಕ್ಯ ಹೇಳಿ ಸುಮ್ಮನಾಗುತ್ತಾಳೆ. ಅದೇ ಅಜ್ಜಿಯನ್ನು ಅವಳ ತೆಲುಗಿನಲ್ಲಿಯೇ ಮಾತನಾಡಿಸಿ, ಕೆಳಗೆ ಕನ್ನಡದ ಸಾಲುಗಳನ್ನು ಕೊಟ್ಟ ವಿದ್ಯಾರ್ಥಿ ಹೆಚ್ಚಿನ ಕೆಲಸ ಮಾಡಿದ್ದಾನೆ. 1935ರಲ್ಲಿ ಲಂಡನ್ನಿನ ಕೊಳೆಗೇರಿಗಳ ನಿವಾಸಿಗಳನ್ನು ಅವರ ಮನೆಯಲ್ಲೇ, ಅವರ ಆಡುಮಾತಿನಲ್ಲೇ ಮಾತನಾಡಿಸಿದ ‘ಹೌಸಿಂಗ್ ಪ್ರಾಬ್ಲಮ್ಸ್’ ಚಿತ್ರ ಇಂದಿಗೂ ನಿಲ್ಲುವುದು ಆ ದನಿಗಳಿಂದಾಗಿಯೇ. ಅದರ ಛಾಯಾಗ್ರಹಣವನ್ನು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ.

ಚಿತ್ರದಲ್ಲಿ ಯಾರು ಇಲ್ಲ ಎಂಬುದೂ ಪರೀಕ್ಷೆಯ ವಿಷಯ. ಈ ಸೀಮೆಯಲ್ಲಿ ನೀರಗಂಟಿಯ ಕೆಲಸ ಬಹುಮಟ್ಟಿಗೆ ದಲಿತ ಕುಟುಂಬಗಳ ಪಾಲಿಗೆ ಬಂದದ್ದು. ಊರಿನ ಗದ್ದೆಗಳಿಗೆಲ್ಲ ನೀರು ಹಂಚುವ ಕೈಗೆ ಊರಿನ ಬಾವಿಯ ಹಗ್ಗವನ್ನು ಮುಟ್ಟುವ ಹಕ್ಕಿಲ್ಲದಿದ್ದ ಕಾಲವೊಂದಿತ್ತು. ಕೆರೆಯ ವೈಭವವನ್ನು ಹೇಳುವ ಚಿತ್ರ ಇದನ್ನು ಹೇಳದೆ ಮುಗಿದರೆ, ದಲಿತ ಚಳವಳಿಯ ದೊಡ್ಡ ನೆಲೆಗಳಲ್ಲೊಂದಾದ ಕೋಲಾರ ಜಿಲ್ಲೆಯಲ್ಲಿ ಕುಳಿತು ಅದಕ್ಕೆ ಪೂರ್ಣಾಂಕ ಕೊಡುವ ಪರೀಕ್ಷಕನನ್ನು ಏನೆನ್ನೋಣ? ಆ ತಾತನನ್ನು ಏರಿಯ ಮೇಲೆ ಮಾತ್ರ ನಡೆಯಿಸಿದ ಕ್ಯಾಮೆರಾ ಆತನ ಮನೆಯ ಬಾಗಿಲಿಗೆ ಏಕೆ ಹೋಗಲಿಲ್ಲ? ಸಂಬಳವೋ, ಸುಗ್ಗಿಯ ಕಾಲದ ಧಾನ್ಯದ ಪಾಲೋ, ಆತನಿಗೆ ಬರುತ್ತಿದ್ದದ್ದು ಏನು, ಅದು ಯಾವಾಗ ನಿಂತಿತು? ಈ ಪ್ರಶ್ನೆಗಳನ್ನು ವಿದ್ಯಾರ್ಥಿನಿ ಕೇಳಿದ್ದು, ಉತ್ತರ ಚಿತ್ರದಲ್ಲಿ ಸೇರದೆ ಹೋಗಿದ್ದರೆ ಅದೂ ಸರಿ. ಅವಳ ದಿನಚರಿ ಪುಸ್ತಕದಲ್ಲಿ ಅದು ಇರುತ್ತದೆ. ಆದುದರಿಂದಲೇ ದಿನಚರಿಯನ್ನು ತರಿಸಿ ಓದದೆ ಅಂಕ ಹಾಕಕೂಡದೆಂದು ನಾನು ಹೇಳುವುದು.

ಅಧಿಕಾರಿಯ ಮಾತಿನ ಭಾಗ ಮತ್ತೊಂದು ಬಗೆಯ ಎಚ್ಚರವನ್ನು ಬೇಡುತ್ತದೆ. ನಿತ್ಯ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಗೆ, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡು ಹಂತ ಸಂಸ್ಕರಿಸಿ, ಪಂಪುಗಳಿಂದ ಎತ್ತಿ, ಕೆರೆಯಿಂದ ಕೆರೆಗೆ ಹರಿಸುವ ಯೋಜನೆ ಬಂದಿದೆ. 2018ರ ಜೂನ್ ತಿಂಗಳಲ್ಲಿ ಆ ನೀರು ಮೊದಲು ಲಕ್ಷ್ಮೀಸಾಗರದ ಕೆರೆಯನ್ನು ಮುಟ್ಟಿತು. ದಿನಕ್ಕೆ 440 ದಶಲಕ್ಷ ಲೀಟರು, 126 ಕೆರೆಗಳು ಎಂಬುದು ಮೊದಲ ಹಂತದ ಗುರಿ. ಕೆಲವೇ ವಾರಗಳಲ್ಲಿ ನೊರೆ ಕಾಣಿಸಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು. ನೀರು ನಿಂತು ಮತ್ತೆ ಹರಿಯಿತು. ಅಂತರ್ಜಲ ಏರಿತೆಂದು ಸಂತೋಷಪಡುವ ರೈತರೂ ಇದ್ದಾರೆ, ಮೂರನೆಯ ಹಂತದ ಸಂಸ್ಕರಣೆಯಿಲ್ಲದೆ ಈ ನೀರು ಬೇಡವೆನ್ನುವ ಹೋರಾಟಗಾರರೂ ಇದ್ದಾರೆ. ಇಷ್ಟು ವಿವಾದವಿರುವ ವಿಷಯದಲ್ಲಿ ಅಧಿಕಾರಿಯೊಬ್ಬರ ಇಪ್ಪತ್ತು ಸೆಕೆಂಡಿನ ಬೈಟನ್ನು ಹಾಕಿ, ಅದರೆದುರು ರೈತನೊಬ್ಬನ ಇಪ್ಪತ್ತು ಸೆಕೆಂಡಿನ ಬೈಟನ್ನು ಇಟ್ಟು, ‘ಎರಡೂ ಕಡೆ ತೋರಿಸಿದೆ’ ಎನ್ನುವುದು ಟಿ.ವಿ. ಚಾನೆಲ್ಲುಗಳಿಂದ ಕಲಿತ ಚಾಳಿ. ನೀರಿನ ಪರೀಕ್ಷಾ ವರದಿ ಏನು ಹೇಳುತ್ತದೆ, ಯಾವ ತಿಂಗಳ ವರದಿ, ಮಾದರಿಯನ್ನು ಎಲ್ಲಿಂದ ತೆಗೆದರು, ಇದೇ ಊರಿನ ಕೆರೆಗೆ ಆ ನೀರು ಬಂದಿದೆಯೇ ಇಲ್ಲವೇ, ಇಷ್ಟನ್ನು ವಿಚಾರಿಸಿದ ವಿದ್ಯಾರ್ಥಿಗೆ ತಕ್ಕಡಿಯ ಎರಡು ತಟ್ಟೆಗಳನ್ನು ಸಮಮಾಡುವ ಆವಶ್ಯಕತೆಯೇ ಬೀಳದು.

ಹಾಗಾದರೆ ಅಂಕಗಳನ್ನು ಹಂಚುವುದು ಹೇಗೆ? ಐವತ್ತಕ್ಕೆ ಹೇಳುವುದಾದರೆ, ಸಂಶೋಧನೆಗೂ ಆಧಾರಗಳಿಗೂ 20ನ್ನು, ಚಿತ್ರಿತರಾದ ಜನರೊಡನೆ ನಡೆದುಕೊಂಡ ರೀತಿಗೂ ಅವರ ಸಮ್ಮತಿಗೂ 10ನ್ನು ನಾನು ಮೀಸಲಿಡುವೆನು, ಎಡಿಟಿಂಗು ಮತ್ತು ರಚನೆಗೆ 10, ಶಬ್ದಕ್ಕೆ 6, ದೃಶ್ಯದ ಅಂದಕ್ಕೆ ಉಳಿದ 4. ಶಬ್ದಕ್ಕೆ ದೃಶ್ಯಕ್ಕಿಂತ ಹೆಚ್ಚೇಕೆಂದು ಕೇಳಬಹುದು. ಮೊಬೈಲು ಇಂದು ಚಿತ್ರವನ್ನು ತನ್ನಷ್ಟಕ್ಕೆ ಚೆನ್ನಾಗಿ ತೆಗೆಯುತ್ತದೆ. ಗಾಳಿಯ ಮೊರೆತದ ನಡುವೆ ಮುದುಕನೊಬ್ಬನ ಮಾತನ್ನು ಹಿಡಿಯುವುದಕ್ಕೆ ಮಾತ್ರ ಹತ್ತಿರ ಹೋಗಿ ಕುಳಿತುಕೊಳ್ಳಬೇಕು, ಕಾಲರ್ ಮೈಕನ್ನು ಸಿಕ್ಕಿಸಬೇಕು, ಮಾತು ಮುಗಿದ ಮೇಲೆಯೂ ಆ ಜಾಗದ ಮೌನವನ್ನು ಅರ್ಧ ನಿಮಿಷ ಧ್ವನಿಮುದ್ರಿಸಿಕೊಳ್ಳುವ ತಾಳ್ಮೆ ಬೇಕು. ಸಿನಿಮಾ ಹಾಡಿನ ತುಣುಕನ್ನು ಹಿನ್ನೆಲೆಗೆ ಹಾಕಿದವರಿಗೆ ಅಂಕ ಕಳೆಯಲು ನಾನು ಹಿಂಜರಿಯುವುದಿಲ್ಲ. 1957ರ ಕೃತಿಸ್ವಾಮ್ಯ ಕಾನೂನು ಬೋಧನೆಯ ಸಂದರ್ಭಕ್ಕೆ ಕೊಟ್ಟಿರುವ ಸಡಿಲಿಕೆ, ಅದೇ ಚಿತ್ರ ಮಾರನೆಯ ದಿನ ಯೂಟ್ಯೂಬಿಗೆ ಏರಿದಾಗ ಜೊತೆಗೆ ಬರುವುದಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ತಂಡದ ಐವರನ್ನೂ ಬೇರೆಬೇರೆಯಾಗಿ ಕರೆಯುವುದು ಲೇಸು. ಹುಡುಗರು ಕ್ಯಾಮೆರಾ ಹಿಡಿದು, ಹುಡುಗಿಯರು ಸ್ಕ್ರಿಪ್ಟು ಬರೆದು ಸಬ್‌ಟೈಟಲ್ ಕೂಡಿಸಿ ಊಟದ ವ್ಯವಸ್ಥೆಯನ್ನೂ ನೋಡಿಕೊಂಡು, ಕೊನೆಗೆ ಎಲ್ಲರಿಗೂ ಸಮನಾದ ಅಂಕ ಬಂದು, ಹೊಗಳಿಕೆ ಮಾತ್ರ ಕ್ಯಾಮೆರಾದವನಿಗೆ ಸಲ್ಲುವುದು ಅಪರೂಪವೇನಲ್ಲ. ಪ್ರತಿಯೊಬ್ಬರನ್ನೂ, ಈ ಚಿತ್ರದಿಂದ ನೀನು ತೆಗೆದುಹಾಕಿದ ಒಂದು ದೃಶ್ಯವನ್ನು ಹೇಳು, ಏಕೆ ತೆಗೆದೆ ಹೇಳು ಎಂದು ಕೇಳಿದರೆ ಕೆಲಸ ಮಾಡಿದವರಾರು, ಹೆಸರು ಸೇರಿಸಿದವರಾರು ಎಂಬುದು ಎರಡು ನಿಮಿಷದಲ್ಲಿ ತಿಳಿದುಹೋಗುತ್ತದೆ.

ಇಷ್ಟೆಲ್ಲ ನೋಡಲು ಒಂದು ಚಿತ್ರಕ್ಕೆ ಒಂದು ಗಂಟೆಯಾದರೂ ಬೇಕು. ಒಂದೇ ಮಧ್ಯಾಹ್ನದಲ್ಲಿ ಹತ್ತು ಚಿತ್ರಗಳನ್ನು ಮುಗಿಸಿ ಸಂಜೆಯ ಬಸ್ಸು ಹಿಡಿಯಬೇಕಾದ ಪರೀಕ್ಷಕನಿಗೆ ಇದು ಸಾಧ್ಯವಲ್ಲವೆಂಬ ಆಕ್ಷೇಪಣೆ ಸಹಜ. ಅದಕ್ಕೆ ನನ್ನ ಸಮಾಧಾನವಿಷ್ಟೆ: ಕೆಲಸದ ಒಂದು ಭಾಗವನ್ನು ಚಿತ್ರದಲ್ಲಿರುವವರಿಗೇ ವಹಿಸಬಹುದು. ಈಟಿ ಹಿಡಿಸಿದ ಅದೇ ಫ್ಲಾಹರ್ಟಿ, ತೆಗೆದ ಫಿಲ್ಮನ್ನು ಅಲ್ಲಿಯೇ ಸಂಸ್ಕರಿಸಿ, ಪರದೆಕಟ್ಟಿ, ಅದರಲ್ಲಿ ಕಾಣಿಸಿಕೊಂಡ ಜನಕ್ಕೇ ತೋರಿಸುತ್ತಿದ್ದನು. ಆ ಚಳಿನಾಡಿನಲ್ಲಿ ಆಗಿದ್ದು ಮೊಬೈಲಿರುವ ಕಾಲದ ಮುಳಬಾಗಿಲಿನಲ್ಲಿ ಆಗದೆ? ಕೋಲಾರದ ತೇರಹಳ್ಳಿ ಬೆಟ್ಟದ ‘ಆದಿಮ’ ಸಾಂಸ್ಕೃತಿಕ ಕೇಂದ್ರದವರು ಹುಣ್ಣಿಮೆಯ ರಾತ್ರಿ ಹಳ್ಳಿಯ ಜನವನ್ನು ಸೇರಿಸಿ ನಾಟಕ, ಹಾಡು ನಡೆಸಿಕೊಂಡು ಬಂದಿದ್ದಾರೆ. ನಮ್ಮ ಜನ ಬಯಲಿನಲ್ಲಿ ಕುಳಿತು ನೋಡಿ, ನೋಡಿದ್ದನ್ನು ಕುರಿತು ಮುಖಕ್ಕೆ ಹೊಡೆದಂತೆ ಮಾತಾಡಬಲ್ಲರು. ಚಿತ್ರವನ್ನು ಪರೀಕ್ಷೆಗೆ ಒಪ್ಪಿಸುವ ಮೊದಲು ತಂಡ ದೇವರಾಯಸಮುದ್ರಕ್ಕೆ ಮರಳಿ ಹೋಗಿ, ಶಾಲೆಯ ಗೋಡೆಯ ಮೇಲೋ ಕೈಯಲ್ಲಿರುವ ಮೊಬೈಲಿನಲ್ಲೋ ಅದನ್ನು ನೀರಗಂಟಿಗೆ, ಅಜ್ಜಿಗೆ, ರೈತನಿಗೆ ತೋರಿಸಲಿ; ಅವರು ಎತ್ತಿದ ಆಕ್ಷೇಪಗಳನ್ನೂ, ಯಾವುದನ್ನು ತಿದ್ದಿದೆವು, ಯಾವುದನ್ನು ಏಕೆ ತಿದ್ದಲಿಲ್ಲ ಎಂಬುದನ್ನೂ ಒಂದು ಪುಟದಲ್ಲಿ ಬರೆದು ಲಗತ್ತಿಸಲಿ. ಆ ಪುಟವಿಲ್ಲದ ಚಿತ್ರವನ್ನು ವಿಭಾಗದವರು ಸ್ವೀಕರಿಸಬೇಕಾಗಿಲ್ಲ.